ಟ್ಯಾಗ್ ಯಾರು ಕೇಳಿದರೂ ಉತ್ತರ ಕೊಡುತ್ತದೆ

ಹೋದ ವಾರ ಒಂದು ಗೋದಾಮಿನ ಲೋಡಿಂಗ್ ಬಾಗಿಲ ಹೊರಗೆ ನಿಂತು, ಆರ್‌ಎಫ್‌ಐಡಿ ಟ್ಯಾಗ್ (ಪೆಟ್ಟಿಗೆಗೆ ಅಂಟಿಸುವ, ರೇಡಿಯೋ ಅಲೆಯಲ್ಲಿ ತನ್ನ ನಂಬರ್ ಹೇಳುವ ಪುಟ್ಟ ಚಿಪ್) ಓದುವ ರೀಡರ್‌ನ ಬಟನ್ ಒತ್ತಿದೆ. ಶಟರ್ ಅರ್ಧ ಎಳೆದಿತ್ತು, ಒಳಗೆ ರಟ್ಟಿನ ಪೆಟ್ಟಿಗೆಗಳ ಸಾಲು. ಪರದೆ ಮೇಲೆ ನಂಬರುಗಳು ಸುರಿಯತೊಡಗಿದವು. ಯಾವ ಪಾಸ್‌ವರ್ಡೂ ಕೇಳಲಿಲ್ಲ. ಸರ್ವರ್‌ಗೆ ಅಷ್ಟು ಬಂದೋಬಸ್ತು ಮಾಡಿದ್ದ ಕಂಪನಿ ಅದು!

"ಬರೀ ನಂಬರ್ ತಾನೇ" ಅಂತ ಅಲ್ಲಿನವರು ಅಂದರು. ಬರೀ ನಂಬರ್ ಅಲ್ಲ. ಸಾಮಾನ್ಯವಾಗಿ ಬಳಸುವ 96 ಬಿಟ್‌ನ ಇಪಿಸಿ (ಸರಕಿನ ಗುರುತಿನ ಕೋಡ್) ನಂಬರಿನೊಳಗೆ ಯಾವ ಕಂಪನಿ, ಯಾವ ಸರಕು, ಎಷ್ಟನೇ ತುಂಡು ಅನ್ನೋದೆಲ್ಲ ಇರುತ್ತದೆ. ಕೊನೆಯ 38 ಬಿಟ್ ಸೀರಿಯಲ್ ನಂಬರ್. ಅದನ್ನು 1, 2, 3 ಅಂತ ಸಾಲಾಗಿ ಕೊಟ್ಟರೆ, ತಿಂಗಳ ಮೊದಲು ಒಂದು ಪೆಟ್ಟಿಗೆ, ಕೊನೆಗೆ ಇನ್ನೊಂದು ಕೊಂಡವರು ಸುಮ್ನೆ ಕಳೆದು ನೋಡಿದರೆ ಸಾಕು, ನೀವು ಎಷ್ಟು ಮಾಲು ಮಾಡಿದಿರಿ ಅಂತ ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತದೆ. ಅದಕ್ಕೇ ಸೀರಿಯಲ್ ಅಡ್ಡಾದಿಡ್ಡಿಯಾಗಿರಲಿ, ಬ್ಯಾಚು, ಗಿರಾಕಿ, ಊರು ಎಲ್ಲ ಡೇಟಾಬೇಸ್‌ನಲ್ಲೇ ಇರಲಿ ಅಂತ ನಾನು ಪದೇಪದೇ ಹೇಳೋದು.

"ಲಾಕ್ ಮಾಡಿದ್ದೀವಲ್ಲ" ಅನ್ನುವವರು ಜಾಸ್ತಿ. ಜೆನ್2 (ಇಂಥ ಟ್ಯಾಗ್‌ಗಳು ಪಾಲಿಸುವ ಮಾನದಂಡ) ಟ್ಯಾಗ್‌ನಲ್ಲಿ ಇಪಿಸಿ ಲಾಕ್ ಮಾಡಿದರೆ ಬೇರೆಯವರು ಅದನ್ನು ತಿದ್ದಿ ಬರೆಯೋಕೆ ಆಗಲ್ಲ ಅಷ್ಟೇ, ಓದೋದನ್ನು ಅದು ತಡೆಯಲ್ಲ. ಹಾಗಂತ ಲಾಕ್ ಬೇಡ ಅಂತಲ್ಲ, ಖಂಡಿತ ಬೇಕು. ಆದರೆ ಆ ಲಾಕ್ ತೆಗೆಯುವ 32 ಬಿಟ್ ಪಾಸ್‌ವರ್ಡ್ ಎಷ್ಟೋ ಕಡೆ ಎಲ್ಲ ಸೊನ್ನೆಯಾಗಿಯೇ ಉಳಿದಿರುತ್ತದೆ, ಬದಲಿಸಿದರೂ ಎಲ್ಲ ಟ್ಯಾಗ್‌ಗಳಿಗೂ ಒಂದೇ. ಟ್ಯಾಗ್ ಕೊಡುವ 16 ಬಿಟ್‌ನ ಯಾದೃಚ್ಛಿಕ ಸಂಖ್ಯೆಯನ್ನು ಬೆರೆಸಿ ರೀಡರ್ ಪಾಸ್‌ವರ್ಡನ್ನು ಅರ್ಧರ್ಧ ಕಳಿಸುತ್ತದೆ. ರೀಡರ್ ದನಿ ದೂರ ಕೇಳುತ್ತದೆ, ಟ್ಯಾಗ್ ದನಿ ಕ್ಷೀಣ. ಹತ್ತಿರ ನಿಂತು ಎರಡನ್ನೂ ಕೇಳಿಸಿಕೊಂಡವನಿಗೆ ಪಾಸ್‌ವರ್ಡ್ ಸಿಕ್ಕಿಬಿಡುತ್ತದೆ. ಎಲ್ಲಕ್ಕೂ ಒಂದೇ ಆದರೆ ಇಡೀ ಗೋದಾಮೇ ಅವನ ಕೈಗೆ, ಅಲ್ವಾ? 2013ರಲ್ಲಿ ಬಂದ ಜೆನ್2 ವಿ2ನಲ್ಲಿ ನಂಬರ್ ಮರೆಮಾಡುವ, ಗುರುತು ಪರೀಕ್ಷಿಸುವ ಸೌಲಭ್ಯಗಳಿವೆ. ಆದರೆ ಅವು ಐಚ್ಛಿಕ, ಕೊಳ್ಳುವಾಗ ಕೇಳಿ ತಗೋಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಗೋಡೆ ಮೇಲಿನ ರೀಡರ್. ಅದೂ ಒಂದು ಕಂಪ್ಯೂಟರೇ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಹಾಗೇ ಇತ್ತು, ಯಾವ ಪೆಟ್ಟಿಗೆ ಎಷ್ಟೊತ್ತಿಗೆ ಹೊರಟಿತು ಅನ್ನೋದೆಲ್ಲ ರೀಡರ್ ಸರ್ವರ್ ಜೊತೆ ಮಾತಾಡುವ 5084 ಅನ್ನೋ ಪೋರ್ಟಿನಲ್ಲಿ ಬೆತ್ತಲಾಗಿ ಹರಿಯುತ್ತಿತ್ತು. ಒಂದು ಟ್ಯಾಗ್ ಓದಿದವನಿಗೆ ಒಂದು ಪೆಟ್ಟಿಗೆ ಗೊತ್ತಾದರೆ, ಈ ತಂತಿಗೆ ಕಿವಿಕೊಟ್ಟವನಿಗೆ ಇಡೀ ವ್ಯಾಪಾರವೇ ಗೊತ್ತಾಗುತ್ತದೆ.

ಅವತ್ತೇ ಸಂಜೆ ಪಾಸ್‌ವರ್ಡ್ ಬದಲಿಸಿ, ರೀಡರನ್ನು ಟಿಎಲ್‌ಎಸ್ (ಮಾತನ್ನು ಗುಟ್ಟಾಗಿಸುವ ವಿಧಾನ) ಇರುವ 5085 ಪೋರ್ಟಿಗೆ ಹಾಕಿದೆವು. ಸಾಗಣೆಯವರಿಗೆ ಅವರು ಒಯ್ಯುವ ಪೆಟ್ಟಿಗೆಗಳಷ್ಟೇ ಕಾಣುವ ಹಾಗೆ ಮಾಡಿದ್ದೂ ಆಯಿತು. ಹಳೆಯ ಟ್ಯಾಗ್ ಲೇಬಲ್‌ಗಳ ರೋಲ್ ಮಾತ್ರ ಇನ್ನೂ ಮುಗಿದಿಲ್ಲ.