ಬನ್ನಿಯ ಎಮ್ಮೆಗಳು ಮೇಯುವುದು ರಾತ್ರಿ

ಗುಜರಾತಿನ ಕಛ್‌ಗೆ ಹೋದವರೆಲ್ಲ ಬಿಳಿ ರಣ್ ಎಂಬ ಉಪ್ಪಿನ ಬಯಲನ್ನು ಹೊಗಳುತ್ತಾರೆ. ಚೆಂದ ನಿಜ, ಆದರೆ ಅಲ್ಲಿನ ಟೆಂಟು, ಮೈಕು, ಜನಜಂಗುಳಿ ನನಗೆ ಹಿಡಿಸಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಭುಜ್‌ನಿಂದ ಅಲ್ಲಿಗೆ ಹೋಗುವ ದಾರಿಯ ಬನ್ನಿ ಹುಲ್ಲುಗಾವಲು. ಸುಮಾರು 2,500 ಚದರ ಕಿಲೋಮೀಟರ್ ಬಯಲು. ಇಲ್ಲಿ ದನ ಸಾಕುವವರು ಮಾಲ್ಧಾರಿಗಳು.

ನಾವು ಉಳಿದ ಮನೆಯಲ್ಲಿ ಸಂಜೆ ಹಾಲು ಕರೆದು ಮುಗಿಯುತ್ತಿದ್ದಂತೆ ಎಮ್ಮೆಗಳು ತಾವಾಗಿಯೇ ಹೊರಟವು. ಎರಡು ಸುತ್ತು ಸುತ್ತಿಕೊಂಡ ಕೊಂಬು, ಹೊಳೆಯುವ ಕಪ್ಪು ಮೈ. ಹಿಂದೆ ಯಾರೂ ಇಲ್ಲ.

"ಜೊತೆಗೆ ಯಾರೂ ಹೋಗಲ್ವಾ ಚಾಚಾ?" ಅಂತ ಮನೆಯ ಹಿರಿಯರನ್ನು ನನ್ನ ಹರಕು ಹಿಂದಿಯಲ್ಲಿ ಕೇಳಿದೆ.

"ಯಾಕೆ ಬೇಟಾ? ಬಿಸಿಲಲ್ಲಿ ಅವು ಸರಿಯಾಗಿ ಮೇಯಲ್ಲ. ರಾತ್ರಿ ತಂಪಲ್ಲಿ ಹೊಟ್ಟೆ ತುಂಬಿಸ್ಕೊಂಡು ಬೆಳಗ್ಗೆ ಬರ್ತವೆ."

"ಬರದೇ ಹೋದ್ರೆ?"

"ಕರು ಇಲ್ಲಿದೆ, ನೀರು ಇಲ್ಲಿದೆ. ಬರದೇ ಎಲ್ಲಿಗೆ ಹೋಗ್ತವೆ?"

ಬೆಳಗ್ಗೆ ನೋಡಿದರೆ ಒಂದೊಂದೂ ತನ್ನ ಮನೆಯ ಮುಂದೆ ಬಂದು ನಿಂತಿತ್ತು. ಈ ತಳಿಗೆ ಸರ್ಕಾರದ ಮಾನ್ಯತೆ ಸಿಕ್ಕಿದ್ದು 2010ರಲ್ಲಿ. ತಲೆಮಾರುಗಳಿಂದ ಆರಿಸಿ ಆರಿಸಿ ಬೆಳೆಸಿದವರು ಮಾತ್ರ ಈ ಮಾಲ್ಧಾರಿಗಳೇ.

ಇದನ್ನು ನೋಡಬೇಕಾದರೆ ರಾತ್ರಿ ಉಳಿಯಲೇಬೇಕು. ನಮ್ಮ ಬಾಡಿಗೆ ಕಾರಿನವನು ಉಳಿಯಲು ಒಪ್ಪಿಕೊಂಡು ಬಂದು, ಕತ್ತಲಾಗುತ್ತಲೇ ದುಪ್ಪಟ್ಟು ದುಡ್ಡು ಕೇಳಿದ. ನೆನೆದರೆ ಈಗಲೂ ಸಿಟ್ಟು ಬರುತ್ತದೆ. ರಾತ್ರಿ ತಂಗುವ ಬಾಡಿಗೆ ಎಷ್ಟು ಅಂತ ಭುಜ್‌ನಲ್ಲೇ ಬರೆಸಿಕೊಳ್ಳಿ. ದಾರಿಯಲ್ಲಿ ಭಿರಂಡಿಯಾರಾ ಹಳ್ಳಿಯ ಮಾವಾ, ಅಂದರೆ ಖೋವಾ, ತಿನ್ನದೇ ಬರಬೇಡಿ. ಇದೇ ಎಮ್ಮೆಗಳ ಹಾಲಿನದು, ಅಷ್ಟು ರುಚಿಯ ಖೋವಾ ನಾನು ಬೇರೆಲ್ಲೂ ತಿಂದಿಲ್ಲ.

ಚಹಾ ಕುಡಿಯುತ್ತಾ ಚಾಚಾ ಹಳೆಯದನ್ನು ಹೇಳತೊಡಗಿದರು. ಅವರ ತಂದೆಯ ಕಾಲದಲ್ಲಿ ಇದ್ದದ್ದು ಹೆಚ್ಚಾಗಿ ಕಾಂಕ್ರೇಜ್ ಹಸುಗಳಂತೆ. 1960ರ ದಶಕದಲ್ಲಿ, ರಣ್‌ನ ಉಪ್ಪು ಮುಂದೆ ಹಬ್ಬದಿರಲಿ ಅಂತ ಅರಣ್ಯ ಇಲಾಖೆ ಇಲ್ಲಿ ಬಳ್ಳಾರಿ ಜಾಲಿ ಬೆಳೆಸಿತು. ಅದು ಹುಲ್ಲನ್ನೇ ನುಂಗುತ್ತಾ ಬಂತು. ಅದರ ಕಾಯಿ ಜಾಸ್ತಿ ತಿಂದ ಹಸುಗಳು ಕಾಯಿಲೆ ಬಿದ್ದವು, ಎಮ್ಮೆಗಳು ತಡೆದುಕೊಂಡವು. ಹೀಗೆ ಹಸು ಸಾಕುತ್ತಿದ್ದವರು ಎಮ್ಮೆಯವರಾದರು. ನಮ್ಮೂರ ಕೆರೆ ಅಂಗಳ ನುಂಗಿದ್ದೂ ಇದೇ ಜಾಲಿ, ಹಾಗಾಗಿ ಆ ಮಾತು ನನಗೆ ಚುಚ್ಚಿತು.

ಜಾಲಿಗಿಂತ ಅವರಿಗೆ ಹೆಚ್ಚು ಚಿಂತೆ ಬೇಲಿಯದು. ಮಳೆ ಎಲ್ಲ ಕಡೆ ಒಂದೇ ಸಮ ಬೀಳಲ್ಲ. ಬಿದ್ದ ಕಡೆಗೆ ದನ ಹೋಗಬೇಕು. ಬರಗಾಲದಲ್ಲಿ ಇಡೀ ಕುಟುಂಬವೇ ದನದ ಹಿಂದೆ ಬನ್ನಿ ಬಿಟ್ಟು ಹೊರಡುತ್ತದೆ, ಮಳೆಯಾದ ಮೇಲೆ ಮರಳುತ್ತದೆ. ನಡುವೆ ಯಾರೋ ಉಳುಮೆಗೆಂದು ಬೇಲಿ ಹಾಕಿದರೆ ಈ ಬದುಕು ಅಲ್ಲಿಗೇ ನಿಲ್ಲುತ್ತದೆ. ಸುಮ್ನೆ ಬಿದ್ದಿರುವ ಪಾಳು ಜಾಗ ಅಂತ ಇದನ್ನು ಕರೆಯುವವರು ಒಂದು ರಾತ್ರಿ ಇಲ್ಲಿ ಉಳಿಯಲಿ.

"ಹುಲ್ಲು ಯಾರೊಬ್ಬರದ್ದೂ ಅಲ್ಲ ಬೇಟಾ," ಅಂದರು ಚಾಚಾ, "ಎಮ್ಮೆ ಮಾತ್ರ ನನ್ನದು."