ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮುಂಚೆ ಗಾಲಿಗೆ ಕಲ್ಲು ಕೊಡಿ

ನಮ್ಮದು ಹಳೆ ಜೀಪು. ಚನ್ನಗಿರಿ ಕಡೆ ತೋಟಕ್ಕೆ ಹೋಗಿಬರಲು ಇಟ್ಟುಕೊಂಡಿದ್ದು. ಕ್ಲಚ್ ಪ್ಲೇಟ್ ಸವೆದಿತ್ತು. ಅಡಿಕೆ ಚೀಲ ಹೇರಿದರೆ ಏರಿನಲ್ಲಿ ಇಂಜಿನ್ ಸುಮ್ನೆ ಕೂಗುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಲೇಬೇಕಿತ್ತು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆ ಮುಂದೆಯೇ ನಾನೂ ಚಿಕ್ಕಪ್ಪನ ಮಗನೂ ಒಂದು ಭಾನುವಾರ ಕೆಲಸಕ್ಕೆ ಕೂತೆವು.

ಜೀಪು ಎತ್ತರ ಅಲ್ವಾ, ಜಾಕ್ ಹಾಕದೆಯೇ ಕೆಳಗೆ ನುಸುಳಿದೆ. ಹ್ಯಾಂಡ್‌ಬ್ರೇಕ್ ಎಳೆದಿದ್ದೆ, ಗೇರಿಗೂ ಹಾಕಿದ್ದೆ. ಇಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಉದ್ದ ದಂಡ, ಅಂದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಕೊನೆಯ ಬೋಲ್ಟ್ ಬಿಚ್ಚಿ ಶಾಫ್ಟ್ ಕೆಳಗೆ ಬಂದಿದ್ದೇ ತಡ, "ಅಣ್ಣಾ, ಗಾಡಿ ಜರುಗ್ತೈತಿ!" ಅಂತ ಅವನು ಕೂಗಿದ. ಮಳೆನೀರು ಹರಿಯಲಿ ಅಂತ ಅಂಗಳಕ್ಕೆ ಕೊಟ್ಟಿದ್ದ ಇಳಿಜಾರು ಅಷ್ಟಕ್ಕೇ ಸಾಕಾಯಿತು. ಹಿಂದಿನ ಗಾಲಿ ಚರಂಡಿ ಕಟ್ಟೆಗೆ ತಾಗಿ ನಿಂತಿತು. ನಾನು ಉದ್ದಕ್ಕೆ ಮಲಗಿದ್ದೆ, ಉಳಿದೆ. ಕಾಲು ಅಡ್ಡ ಚಾಚಿದ್ದರೆ ಗಾಲಿ ಅದರ ಮೇಲೇ ಹತ್ತುತ್ತಿತ್ತು.

ಕಾರಣ ಸರಳ. ಬಹಳಷ್ಟು ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಂದಿನ ಗಾಲಿಗಳನ್ನೇ ಹಿಡಿಯುತ್ತದೆ. ಇಂಥ ಹಳೆ ಜೀಪುಗಳಲ್ಲಿ ಅದರ ಡ್ರಮ್, ಶಕ್ತಿಯನ್ನು ಮುಂದಿನ ಹಿಂದಿನ ಗಾಲಿಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಇರುತ್ತದೆ, ಅದು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು. ಶಾಫ್ಟ್ ಬಿಚ್ಚಿದ ಮೇಲೆ ಬ್ರೇಕೂ ಇಲ್ಲ, ಗೇರೂ ಇಲ್ಲ. ಇನ್ನೊಂದು ವಿಷಯ, ಶಾಫ್ಟ್ ಇದ್ದರೂ ಹಿಂದಿನ ಒಂದೇ ಗಾಲಿಯನ್ನು ಜಾಕಿನಿಂದ ಎತ್ತಿದರೆ ಎರಡೂ ಗಾಲಿ ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ಎತ್ತಿದ ಗಾಲಿ ಹಿಮ್ಮುಖವಾಗಿ ತಿರುಗಿ, ನೆಲದ ಮೇಲಿನ ಗಾಲಿ ಆರಾಮಾಗಿ ಉರುಳಿಬಿಡುತ್ತದೆ.

ಅವತ್ತಿನಿಂದ ಏನೇ ಬಿಚ್ಚುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಈಗ ಏನನ್ನು ಹಿಡಿದುಕೊಂಡಿದೆ? ಗೇರ್‌ಬಾಕ್ಸಿನ ಅಡಿಯ ಅಡ್ಡಪಟ್ಟಿ, ಅಂದರೆ ಕ್ರಾಸ್ ಮೆಂಬರ್ ನೋಡಿ, ನಮ್ಮ ಜೀಪಿನಲ್ಲಿ ಇಂಜಿನ್ನಿನ ಹಿಂಭಾಗದ ಭಾರವೂ ಅದರ ಮೇಲೆಯೇ. ಅದನ್ನು ತೆಗೆಯುವ ಮುಂಚೆ ಇಂಜಿನ್ನಿಗೆ ಬೇರೆ ಆಧಾರ ಕೊಡದಿದ್ದರೆ ಇಂಜಿನ್ ಹಿಂದಕ್ಕೆ ವಾಲುತ್ತದೆ.

ಸಾ ಮಿಲ್‌ನಿಂದ ದಪ್ಪ ಮರದ ತುಂಡು ತಂದು ನಾಲ್ಕೂ ಗಾಲಿಗೆ ಹಿಂದೆ ಮುಂದೆ ಕೊಟ್ಟೆವು. ಎತ್ತಲು ಜಾಕ್, ನಿಲ್ಲಿಸಲು ಸ್ಟ್ಯಾಂಡ್. ಹೈಡ್ರಾಲಿಕ್ ಜಾಕಿನ ಸೀಲ್ ಯಾವಾಗ ಬಿಡುತ್ತದೋ ಹೇಳಲಾಗುವುದಿಲ್ಲ. ಸಿಮೆಂಟ್ ಹಾಲೋ ಬ್ಲಾಕ್ ಇಡುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ, ಅದು ಬಿರುಕು ತೋರಿಸಿ ಎಚ್ಚರಿಸುವುದಿಲ್ಲ, ಒಂದೇ ಸಲಕ್ಕೆ ಪುಡಿಯಾಗುತ್ತದೆ. ಸ್ಟ್ಯಾಂಡ್ ಕೂತ ಮೇಲೆ ಗಾಡಿಯನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ, ಸ್ಟೆಪ್ನಿಯನ್ನೂ ಚಾಸಿಗೆ ಅಡಿಯಾಗಿ ತಳ್ಳಿಯೇ ಒಳಗೆ ಹೋದೆ. ಬ್ಯಾಟರಿಯ ನೆಗೆಟಿವ್ ತಂತಿ ಮೊದಲೇ ಬಿಚ್ಚಿದ್ದೆವು.

ಗೇರ್‌ಬಾಕ್ಸನ್ನು ಎದೆ ಮೇಲೆ ಇಳಿಸಿಕೊಳ್ಳುವ ಗಟ್ಟಿಗರಿದ್ದಾರೆ. ನಾವು ಟ್ರಾಲಿ ಜಾಕಿನ ಮೇಲೆ ಹಲಗೆ ಇಟ್ಟು, ಹಗ್ಗ ಬಿಗಿದು ಇಳಿಸಿದೆವು. ಒಳಗಿನ ಕ್ಲಚ್ ಧೂಳನ್ನು ಊದಬೇಡಿ, ಹಳೆ ಪ್ಲೇಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಿಂದ ಒರೆಸಿ.

ಗೇರ್‌ಬಾಕ್ಸ್ ವಾಪಸ್ ಕೂರಿಸುವಾಗ ಇಂಜಿನ್ನಿಗೂ ಅದಕ್ಕೂ ನಡುವೆ ಅರ್ಧ ಇಂಚು ಉಳಿದುಬಿಟ್ಟಿತು. ಬೋಲ್ಟ್ ಬಿಗಿದು ಎಳೆದುಬಿಡೋಣ ಅಂದ ತಮ್ಮ. ಹಾಗೆ ಎಳೆದರೆ ಬೋಲ್ಟ್ ಕೂರುವ ಹೌಸಿಂಗ್ ಕಿವಿ ಸೀಳುತ್ತದೆ. ಮತ್ತೆ ಇಳಿಸಿ, ಗೇರ್‌ಬಾಕ್ಸಿನ ಹಳೆ ಇನ್‌ಪುಟ್ ಶಾಫ್ಟೊಂದನ್ನು ತೂರಿಸಿ ಕ್ಲಚ್ ಪ್ಲೇಟನ್ನು ನಡುವಿಗೆ ತಂದು, ಮೂರನೇ ಸಲಕ್ಕೆ ಕೈಯಲ್ಲೇ ತಳ್ಳಿದಾಗ ಸರಕ್ಕನೆ ಕೂತಿತು.