ಮತದಾನದ ದಿನದ ಕೂಲಿ

ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ ಸೆಕ್ಷನ್ 135ಬಿ ಹೇಳುತ್ತದೆ. ದಿನಗೂಲಿಯವರಿಗೂ ಅದು ಅನ್ವಯ. ಕೊಡದ ಮಾಲೀಕನಿಗೆ ದಂಡ ಎಷ್ಟು ಗೊತ್ತೇ? ಹೆಚ್ಚೆಂದರೆ 500 ರೂಪಾಯಿ!

ನಮ್ಮ ಬೀದಿಯಲ್ಲಿ ಮನೆ ಕಟ್ಟುತ್ತಿರುವ ರಾಯಚೂರು ಕಡೆಯ ಗಾರೆ ಕೆಲಸದವರು ಊರಿಗೆ ಹೋಗಿ ಮತ ಹಾಕಿ ಬರುವಷ್ಟರಲ್ಲಿ ಮೂರು ದಿನದ ಕೂಲಿ ಖೋತಾ, ಬಸ್ ಚಾರ್ಜು ಬೇರೆ. ಯಾರೋ ಪುಕ್ಕಟೆ ಬಸ್ ಮಾಡಿಸಿ ಕೈಗೊಂದು ನೋಟು ಇಟ್ಟರೆ, ‘ಮತ ಮಾರಿಕೊಂಡರು’ ಎಂದು ಮೂಗು ಮುರಿಯುವವರು ನಾವು. (ಅದೇ ರಜೆ ಸಿಕ್ಕರೆ ಮಡಿಕೇರಿಗೆ ಹೊರಡುವವರೂ ನಾವೇ.)

ಕರ್ನಾಟಕದ ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ 40 ಲಕ್ಷ ರೂಪಾಯಿಯ ಮಿತಿ ಇದೆ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಗಾರೆಯವನ ಜೇಬು ತಡಕುವುದು ಆಮೇಲಾಯಿತು, ಮೊದಲು ಅಲ್ಲಿಗೆ ಲಗಾಮು ಹಾಕಿ ತೋರಿಸಲಿ.